ಸಭಾಧ್ಯಕ್ಷರ ಕಿವಿಗೆ ಬಿದ್ದ ಮಾತು

ಗಂಟೆಯ ಮರದ ಪೆಟ್ಟಿಗೆಯೊಳಗೆ ಕೈ ತೂರಿಸಿದ ಇನ್ಸ್‌ಪೆಕ್ಟರಮ್ಮನ ಬೆರಳಿಗೆ ಕಡಿದ ತಂತಿ ಸಿಗಲಿಲ್ಲ. ಮೆತ್ತಗಿನದೇನೋ ಸಿಕ್ಕಿತು.

"ಟೇಬಲ್ ಗಟ್ಟಿಯಾಗಿ ಹಿಡ್ಕೊಳ್ರೀ," ಎಂದಳು, ಕೆಳಗೆ ನಿಂತಿದ್ದ ದಫೇದಾರರಿಗೆ.

"ಟೇಬಲ್ಲು ಭದ್ರವಾಗೇ ಇದೆ ಮೇಡಂ. ಅಲ್ಲಾಡ್ತಿರೋದು ಅದರ ಮೇಲಿರೋ ಸ್ಟೂಲು. ಅದು ನನ್ನ ಕೈಗೆ ಎಟುಕಲ್ಲ."

ಬೈಯುವುದನ್ನು ಆಮೇಲಕ್ಕೆ ಇಟ್ಟುಕೊಂಡು ಅವಳು ಎರಡು ಬೆರಳಲ್ಲಿ ಹಿಡಿದು ಎಳೆದಳು. ಲೋಹದ ಬಟ್ಟಲಿಗೂ ಅದನ್ನು ಬಡಿಯುವ ಪುಟ್ಟ ಸುತ್ತಿಗೆಗೂ ನಡುವೆ ಒತ್ತಿ ತುರುಕಿದ್ದ ವಸ್ತು ಸುಲಭಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತು ಹಟ ಮಾಡಿ, ಕೊನೆಗೆ ಒಂದು ಹಿಡಿ ಧೂಳನ್ನೂ ಜೊತೆಗೆ ಕರೆದುಕೊಂಡು ಬಂತು.

ಅದೊಂದು ಕಾಲುಚೀಲ. ಕಪ್ಪು ಬಣ್ಣದ್ದು, ಜೋಡಿ ತಪ್ಪಿದ್ದು.

ದಫೇದಾರರು ಮುಖಕ್ಕೆ ಬಿದ್ದ ಧೂಳು ಒರೆಸಿಕೊಂಡು ಮೇಲೆ ನೋಡಿದರು. "ಸರ್ಕಾರ ಉಳಿಸಿದ ಮಹಾನುಭಾವ ಇವನೇನಾ?"

ಮಾತೇನೋ ತಮಾಷೆಯದು, ಆದರೆ ಸುಳ್ಳಲ್ಲ. ಅವಿಶ್ವಾಸ ಗೊತ್ತುವಳಿಯನ್ನು ಮತಕ್ಕೆ ಹಾಕಿದ ದಿನ ಸಂಸತ್ ಭವನದ ಎಲ್ಲ ಕಡೆ ಕರೆಗಂಟೆ ಮೊಳಗಿತ್ತು, ವಿರೋಧ ಪಕ್ಷದ ಈ ವಿಶ್ರಾಂತಿ ಕೋಣೆಯೊಂದನ್ನು ಬಿಟ್ಟು. ಒಳಗಿದ್ದ ಸದಸ್ಯರು ಎದ್ದು ಓಡಿ ಬರುವಷ್ಟರಲ್ಲಿ ಸಭಾಧ್ಯಕ್ಷರ ಮೇಜಿನ ಮರಳು ಗಡಿಯಾರ ಖಾಲಿಯಾಗಿ ಸದನದ ಬಾಗಿಲು ಹಾಕಿತ್ತು. ಮತಗಳು ಸಮಸಮ ಬಿದ್ದವು. ಸಮ ಬಿದ್ದಾಗ ಇದ್ದದ್ದು ಇದ್ದ ಹಾಗೇ ಇರಲಿ ಎಂದು ಮತ ಹಾಕುವುದು ಸಭಾಧ್ಯಕ್ಷರ ಸಂಪ್ರದಾಯ. ಅವರು ಹಾಗೆಯೇ ಹಾಕಿದರು, ಸರ್ಕಾರ ಉಳಿಯಿತು.

ಆಮೇಲೆ ಶುರುವಾಯಿತು ನೋಡಿ ಗಲಾಟೆ. ಗಂಟೆಗಳ ಸ್ವಿಚ್ಚುಗಳೆಲ್ಲ ಇರುವುದು ಸಭಾಧ್ಯಕ್ಷರ ಮೇಜಿನಲ್ಲಿ, ಅವರ ಬಲಗೈ ಪಕ್ಕದಲ್ಲಿ, ಒಂದೊಂದು ಭಾಗಕ್ಕೆ ಒಂದೊಂದು. ಆಡಳಿತ ಪಕ್ಷದಿಂದ ಗೆದ್ದು ಬಂದವರು, ಈ ಕೋಣೆಯದನ್ನು ಬೇಕೆಂದೇ ಒತ್ತದೆ ಅನ್ನದ ಋಣ ತೀರಿಸಿದರು ಎಂದು ವಿರೋಧ ಪಕ್ಷದವರು ಕೂಗಿದರು. ಪತ್ರಿಕೆಗಳು ಅವರ ಬೆರಳನ್ನು ದೊಡ್ಡದಾಗಿ ಬರೆದು ಚಿತ್ರ ಹಾಕಿದವು. ಇವತ್ತು ಮಧ್ಯಾಹ್ನದ ಕಲಾಪದಲ್ಲಿ ಅವರನ್ನು ಪೀಠದಿಂದ ಇಳಿಸುವ ಗೊತ್ತುವಳಿ ಬರುತ್ತದೆ. ಅದಕ್ಕೆ ಮುಂಚೆ ಇನ್ಸ್‌ಪೆಕ್ಟರಮ್ಮ ಸದನದ ಕಟಕಟೆಯಲ್ಲಿ ನಿಂತು ತನಿಖೆಯಲ್ಲಿ ಕಂಡದ್ದನ್ನು ಹೇಳಬೇಕು.

ಕೋಣೆಗೆ ಅಂದೇ ಬೀಗ ಬಿದ್ದಿತ್ತು. ಎಲೆಕ್ಟ್ರಿಷಿಯನ್ನರು ಬಂದು ತಂತಿಗೆ ಬಲ್ಬು ಹಚ್ಚಿ ನೋಡಿ, ಕರೆಂಟ್ ಸರಿಯಾಗಿ ಬರುತ್ತಿದೆ, ಲೈನಿನಲ್ಲಿ ತೊಂದರೆ ಇಲ್ಲ ಎಂದು ಹೇಳಿ ಹೋಗಿದ್ದರು. ಲೈನಿನಲ್ಲಿ ತೊಂದರೆ ಇಲ್ಲ ಎಂದರೆ ಸ್ವಿಚ್ಚು ಒತ್ತಲೇ ಇಲ್ಲ ಎಂದು ಊರೆಲ್ಲ ಅರ್ಥ ಮಾಡಿಕೊಂಡಿತು. ಅಷ್ಟು ಎತ್ತರಕ್ಕೆ ಹತ್ತಿ ಗಂಟೆಯ ಮುಚ್ಚಳ ತೆಗೆದು ನೋಡಲು ಸೋಮಾರಿತನ ಯಾರನ್ನೂ ಬಿಟ್ಟಿರಲಿಲ್ಲ.

"ಅಂದ್ರೆ ಸಭಾಧ್ಯಕ್ಷರು ಸ್ವಿಚ್ ಒತ್ತಿದಾರೆ!" ದಫೇದಾರರ ಧ್ವನಿಯಲ್ಲಿ ಸಂತೋಷ ಉಕ್ಕಿತು. "ಪಾಪ, ಅವರು ಪಾರಾದ್ರು ಮೇಡಂ."

ಅಷ್ಟರಲ್ಲಿ ಮೇಡಂ ಸ್ಟೂಲಿನ ಮೇಲೆ ನಿಂತೇ ಕಾಲುಚೀಲವನ್ನು ತಿರುವಿ ಹಾಕಿದ್ದಳು. ಹಿಮ್ಮಡಿಯ ಒಳಮೈಯಲ್ಲಿ ಹಳದಿ ದಾರದ ಚಿಕ್ಕದೊಂದು ಹೊಲಿಗೆ ಇತ್ತು.

ಆ ದಾರ ಅವಳಿಗೆ ಗೊತ್ತಿತ್ತು. ಮನೆ ತುಂಬ ಜನರಿದ್ದ ಕಾಲದಲ್ಲಿ ಒಗೆದ ಕಪ್ಪು ಕಾಲುಚೀಲಗಳು ಒಂದಕ್ಕೊಂದು ಬೆರೆತು ಬೆಳಗ್ಗೆ ಬೆಳಗ್ಗೆ ಜಗಳವಾಗುತ್ತಿತ್ತು. ಅತ್ತಿಗೆ ಅದಕ್ಕೊಂದು ಉಪಾಯ ಮಾಡಿದ್ದಳು. ಮಾವನದಕ್ಕೆ ಕೆಂಪು ದಾರ, ನಾದಿನಿಯದಕ್ಕೆ ಹಸಿರು, ಗಂಡನದಕ್ಕೆ ಹಳದಿ.

ಆಡಳಿತ ಪಕ್ಷದವರು ಈ ತನಿಖೆಗೆ ಇವಳನ್ನು ಒಪ್ಪಿದ್ದು ಇವಳ ಪ್ರಾಮಾಣಿಕತೆಯ ಹೆಸರು ಕೇಳಿ. ವಿರೋಧ ಪಕ್ಷದವರು ಒಪ್ಪಿದ್ದು ಇವಳ ಅಣ್ಣನ ಮುಖ ನೋಡಿ. ಅಣ್ಣ ಆ ಪಕ್ಷದ ಸದಸ್ಯ. ಅಂದು ಬಾಗಿಲಾಚೆ ಉಳಿದವರಲ್ಲಿ ಅವನೂ ಒಬ್ಬ.

ಕಾಲುಚೀಲ ಜೇಬಿಗೆ ಸೇರಿತು. ಯಾರದ್ದು ಎಂದು ದಫೇದಾರರಿಗೂ ಹೇಳಲಿಲ್ಲ.

*

ಅಣ್ಣ ಸಿಕ್ಕಿದ್ದು ಸಂಸತ್ ಭವನದ ಗ್ರಂಥಾಲಯದ ಮೂಲೆಯಲ್ಲಿ, ಎದುರಿಗೆ ಪುಸ್ತಕ ತೆರೆದಿಟ್ಟುಕೊಂಡು. ಪುಸ್ತಕ ತಲೆಕೆಳಗಾಗಿರಲಿಲ್ಲ, ಅಷ್ಟೇ ಸಮಾಧಾನ. ತಂಗಿಯ ಕೈಯಲ್ಲಿದ್ದುದನ್ನು ನೋಡಿದ್ದೇ ಅವನ ಮುಖದ ಬಣ್ಣ ಇಳಿಯಿತು.

"ಪುಟ್ಟೀ, ಕೂತ್ಕೋ."

"ನಾನು ಡ್ಯೂಟಿ ಮೇಲೆ ಇದೀನಿ. ನಿಂತೇ ಇರ್ತೀನಿ. ಇದು ನಿನ್ನದು ತಾನೇ?"

"ನನ್ನದೇ. ನಿಮ್ಮ ಅತ್ತಿಗೆ ಹೊಲಿಗೆ ಕಿತ್ರೂ ಹೋಗಲ್ವಲ್ಲ." ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನೋಡು, ಈ ಚರ್ಚೆ ಅನ್ನೋದು ಬೆಳಗ್ಗೆಯಿಂದ ಎಳೀತಾ ಇರುತ್ತೆ. ಊಟ ಆದ್ಮೇಲೆ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದ್ರೆ ತಲೆ ಮೇಲೇ ಆ ಗಂಟೆ. ಕೋರಂ ಇಲ್ಲ ಅಂತ ಒಂದ್ಸಲ, ಕಲಾಪ ಶುರು ಅಂತ ಒಂದ್ಸಲ. ಅದಕ್ಕೆ ಏನಾದ್ರೂ ತುರುಕೋದು ನಮ್ಮ ರೂಮಿನ ಹಳೇ ಅಭ್ಯಾಸ. ಸರದಿ ಮೇಲೆ ತುರುಕ್ತೀವಿ. ಒಬ್ಬ ಕರ್ಚೀಫು, ಒಬ್ಬ ಟವೆಲ್ಲು. ಆ ವಾರ ನನ್ನ ಸರದಿ."

"ಅವಿಶ್ವಾಸದ ದಿನಾನೂನಾ?"

"ಅಯ್ಯೋ, ಇಲ್ಲ ಕಣೇ! ಮತದಾನ ಇರೋ ದಿನ ತೆಗೆದು ಬಿಡಬೇಕು ಅಂತಾನೇ ನಿಯಮ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ನಾನೇ ಸ್ಟೂಲು ಹತ್ತಿ ತೆಗೆದೆ. ನನ್ನ ಕುರ್ಚಿ ಬೆನ್ನಿಗೆ ಹಾಕಿದ್ದೆ. ಆಮೇಲೆ ನೋಡಿದ್ರೆ ಕುರ್ಚಿ ಮೇಲೆ ಇರಲಿಲ್ಲ. ಕೆಳಗೆಲ್ಲೋ ಬಿದ್ದಿರಬೇಕು ಅಂದ್ಕೊಂಡೆ."

"ಮತ್ತೆ ಎಲ್ಲರೂ ಸೇರಿ ಆ ಮನುಷ್ಯನ ಮೇಲೆ ಹಾಕಿದ್ರಿ."

"ಏನು ಹೇಳ್ಬೇಕಾಗಿತ್ತು? ಸರ್ಕಾರ ಬೀಳಿಸೋ ದಿನ ಗೊರಕೆ ಹೊಡೀತಾ ಮಲಗಿದ್ವಿ ಅಂತಾನಾ? ಮತದಾನ ಸಂಜೆಗೆ ಅಂತ ಎಣಿಸಿದ್ವಿ. ಕೊನೇಲಿ ಮಾತಾಡಬೇಕಾಗಿದ್ದೋರು ಕೈ ಬಿಟ್ರು, ಬೇಗ ಬಂತು. ಎದ್ದು ನೋಡಿದ್ರೆ ಬಾಗಿಲು ಹಾಕಿದೆ. ಯಾರೋ ಒಬ್ಬ, ಗಂಟೆ ಹೊಡೀಲೇ ಇಲ್ಲ ಅಂದ. ಸುಳ್ಳಲ್ವಲ್ಲ. ಅದನ್ನೇ ಹಿಡ್ಕೊಂಡ್ವಿ."

"ನಿನ್ನ ಕಾಲುಚೀಲದ ಅನುಮಾನ ಯಾರಿಗೆ ಹೇಳಿದ್ದೆ?"

"ನಿಮ್ಮ ಅತ್ತಿಗೆಗೂ ಹೇಳಿಲ್ಲ. ಹೇಳಿದ್ರೆ ನಮ್ಮೋರೇ ನನ್ನ ಸಿಗಿದು ತೋರಣ ಕಟ್ತಾರೆ." ಅವನು ತಲೆ ಎತ್ತಿದ. ಬಾಲ್ಯದಲ್ಲಿ ಕಿಟಕಿ ಗಾಜು ಒಡೆದಾಗ ನೋಡುತ್ತಿದ್ದನಲ್ಲ, ಅದೇ ನೋಟ. "ನಾನು ತೆಗೆದಿದ್ದೆ ಪುಟ್ಟೀ. ನನ್ನಾಣೆಗೂ ತೆಗೆದಿದ್ದೆ. ನೀನು ನಂಬ್ತೀಯ ತಾನೇ?"

ನಂಬಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಆ ಆಸೆಯ ಮೇಲೇ ಅವಳಿಗೆ ಅನುಮಾನ ಬಂತು. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ನಕ್ಕು ಕಳಿಸುತ್ತಿದ್ದಳು. ಅಣ್ಣನಾದ ಮಾತ್ರಕ್ಕೆ ಅದು ನಿಜವಾಗುತ್ತದೆಯೇ? ಅಣ್ಣನಾದ ಮಾತ್ರಕ್ಕೆ ಸುಳ್ಳು ಎನ್ನುವುದಾದರೂ ನ್ಯಾಯವೇ?

ಬಾಗಿಲ ಹೊರಗೆ ಕಾಯಲು ಹೇಳಿದ್ದವರನ್ನು ಅವಳು ಒಳಗೆ ಕರೆದಳು. "ದಫೇದಾರ್ರೇ, ಇವರ ಫೋನ್ ಇಸ್ಕೊಳ್ಳಿ. ನಾನು ಬರೋವರೆಗೂ ಇಲ್ಲೇ ಜೊತೇಲಿ ಕೂತಿರಿ. ಯಾರೂ ಇವರನ್ನ ಮಾತಾಡಿಸಬಾರದು. ಇವರೂ ಅಷ್ಟೇ, ಬಾಯಿ ಬಿಡಬಾರದು."

"ಅವರು ಸಂಸತ್ ಸದಸ್ಯರು ಮೇಡಂ, ಬಾಯಿ ಬಿಡದೆ ಹೇಗಿರ್ತಾರೆ?" ಎಂದ ದಫೇದಾರರು, ಅವಳ ಮುಖ ನೋಡಿ ಕೂಡಲೇ ಕುರ್ಚಿ ಎಳೆದುಕೊಂಡು ಕೂತರು.

*

ಸಭಾಧ್ಯಕ್ಷರ ಕೊಠಡಿಗೆ ಹೋಗುವ ಮೊಗಸಾಲೆಯಲ್ಲಿ ನಡೆಯುವಾಗ ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಗಿರಗಿರ ತಿರುಗುತ್ತಿತ್ತು. ಕಟಕಟೆಯಲ್ಲಿ ನಿಂತಾಗ ಅಣ್ಣನ ಹೆಸರು ಬಾಯಿಂದ ಬರುತ್ತದೆಯೇ?

ಅಲ್ಲಿಗೂ ಒಂದು ಕಟ್ಟುಪಾಡಿದೆ. ಕಟಕಟೆಯಲ್ಲಿ ನಿಂತವರು ಸದನದ ಸದಸ್ಯರಲ್ಲ. ಹಾಗಾಗಿ ಪೀಠ ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡಬೇಕು. ಕೇಳದಿದ್ದುದನ್ನು ಹೇಳಿದರೆ ಅದನ್ನು ಕಡತದಿಂದ ತೆಗೆದು ಹಾಕುತ್ತಾರೆ, ಹೇಳಿದವರನ್ನು ಹೊರಗೆ ಕಳಿಸುತ್ತಾರೆ. ಸಭಾಧ್ಯಕ್ಷರ ಮೇಲಿನ ಗೊತ್ತುವಳಿಯಾದ್ದರಿಂದ ಇವತ್ತು ಪೀಠದಲ್ಲಿ ಕೂತು ಪ್ರಶ್ನೆ ಕೇಳುವವರು ಉಪಸಭಾಧ್ಯಕ್ಷರು. ವಿರೋಧ ಪಕ್ಷದಿಂದ ಬಂದವರು, ಎಲ್ಲರನ್ನೂ ಅಮ್ಮಾ ಅಪ್ಪಾ ಎಂದು ಮಾತಾಡಿಸುವ ಮೃದು ಮನುಷ್ಯ. ಮೊನ್ನೆ ಇವಳು ವಿಚಾರಿಸಲು ಹೋದಾಗ ತಾವೇ ಎದ್ದು ಫ್ಯಾನು ಹಾಕಿದ್ದರು. ಅಂದು ತಲೆನೋವೆಂದು ನನ್ನ ಕೊಠಡಿಯಲ್ಲೇ ಮಲಗಿದ್ದೆ, ಗಂಟೆ ಕೇಳಿ ಎದ್ದು ಸದನಕ್ಕೆ ಬಂದೆ, ವಿಶ್ರಾಂತಿ ಕೋಣೆಯ ಗಂಟೆಯ ವಿಷಯ ಗೊತ್ತಾದದ್ದು ಸಂಜೆಗೇ ಎಂದು ಹೇಳಿದ್ದರು.

ಸಭಾಧ್ಯಕ್ಷರ ಬಾಗಿಲು ತೆರೆದೇ ಇತ್ತು.

ಇವರಿಗೆ ಸದನದ ಎರಡೂ ಕಡೆಯವರು ಸೇರಿ ಇಟ್ಟ ಹೆಸರು ತಕ್ಕಡಿ ಮೇಷ್ಟ್ರು. ರಾಜಕೀಯಕ್ಕೆ ಬರುವ ಮುಂಚೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಪೀಠಕ್ಕೆ ಬಂದ ದಿನವೇ ಪಕ್ಷದ ಸದಸ್ಯತ್ವದ ಚೀಟಿ ವಾಪಸ್ ಕೊಟ್ಟರು. ಸದಸ್ಯರ ಕ್ಯಾಂಟೀನಿಗೆ ಹೋಗುವುದನ್ನೇ ಬಿಟ್ಟರು, ಯಾರ ಟೇಬಲ್ಲಿನಲ್ಲಿ ಕೂತರೂ ಉಳಿದವರು ಲೆಕ್ಕ ಇಡುತ್ತಾರೆ ಎಂದು. ಸ್ವಂತ ತಮ್ಮ ಆಡಳಿತ ಪಕ್ಷದ ಸದಸ್ಯ. ಅವನು ಸಮಯ ಮೀರಿ ಮಾತಾಡಿದಾಗ ಅವನ ಮೈಕನ್ನೂ ಬಂದ್ ಮಾಡಿಸಿದರು. ಆ ತಮ್ಮ ಈಗ ಅಣ್ಣನ ಮನೆಗೆ ಬಂದರೆ ಅತ್ತಿಗೆಯನ್ನು ಮಾತ್ರ ಮಾತಾಡಿಸಿ ಹೋಗುತ್ತಾನಂತೆ. ಇನ್ಸ್‌ಪೆಕ್ಟರಮ್ಮ ಇದನ್ನೆಲ್ಲ ಕೇಳಿದಾಗ ಮೊದಮೊದಲು ನಾಟಕ ಅಂದುಕೊಂಡಿದ್ದಳು. ತನಿಖೆಯಲ್ಲಿ ಅಗೆದಷ್ಟೂ ಅದೇ ಸಿಕ್ಕಿತು. ನಾಟಕವಾದರೆ ಯಾರೂ ನೋಡದಿರುವಾಗಲೂ ಯಾಕೆ ಆಡುತ್ತಾರೆ?

ಅವರು ಮೇಜಿನ ಹಿಂದಿನ ದೊಡ್ಡ ಕುರ್ಚಿಯಲ್ಲಿ ಇರಲಿಲ್ಲ. ಬಂದವರಿಗೆ ಇಟ್ಟಿದ್ದ ಕುರ್ಚಿಯೊಂದರಲ್ಲಿ ಕೂತು ಮಡಿಲ ಮೇಲೆ ಟಿಫಿನ್ ಡಬ್ಬಿ ಇಟ್ಟುಕೊಂಡು ಊಟ ಮಾಡುತ್ತಿದ್ದರು. ಕಪ್ಪು ನಿಲುವಂಗಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

"ಬನ್ನಿ ಅಮ್ಮ. ಆ ಕುರ್ಚಿ ಇವತ್ತು ನನ್ನದೋ ಅಲ್ವೋ ಇನ್ನೂ ಇತ್ಯರ್ಥ ಆಗಿಲ್ಲ. ಅದಕ್ಕೇ ಇಲ್ಲಿ ಕೂತಿದೀನಿ. ಊಟ ಆಯ್ತಾ ನಿಮ್ಮದು?"

"ಆಮೇಲೆ ಮಾಡ್ತೀನಿ ಸಾರ್. ಒಂದು ಒಳ್ಳೇ ಸುದ್ದಿ ಇದೆ." ಅವಳು ಬಾಗಿಲು ಭದ್ರವಾಗಿ ಹಾಕಿ ಬಂದು ಕಾಲುಚೀಲ ಮೇಜಿನ ಮೇಲಿಟ್ಟಳು. ಗಂಟೆಯೊಳಗೆ ಅದು ಸಿಕ್ಕಿದ್ದು, ಆ ಕೋಣೆಯವರ ಮಧ್ಯಾಹ್ನದ ನಿದ್ದೆ, ಸರದಿಯ ಅಭ್ಯಾಸ, ಎಲ್ಲವನ್ನೂ ಚುಟುಕಾಗಿ ಹೇಳಿದಳು. "ಸ್ವಿಚ್ ನೀವು ಒತ್ತಿದ್ರಿ. ಗಂಟೆ ಬಾಯಿಗೆ ಅವರೇ ಬಟ್ಟೆ ತುರುಕಿದ್ರು. ನಿಮ್ಮ ಮೇಲಿನ ಆರೋಪ ಬಿದ್ದು ಹೋಯ್ತು."

ಅವರು ಡಬ್ಬಿ ಮುಚ್ಚಿದರು. ಸಂತೋಷ ಪಟ್ಟಂತೆ ಕಾಣಲಿಲ್ಲ.

"ಯಾರದು ಇದು?"

ಅವಳು ಹಿಮ್ಮಡಿಯ ಹಳದಿ ಹೊಲಿಗೆ ತೋರಿಸಿದಳು. "ನಮ್ಮಣ್ಣನದು. ಬೆಳಗ್ಗೆ ತೆಗೆದಿದ್ದೆ, ಆಮೇಲೆ ಯಾರು ತುರುಕಿದ್ರೋ ಗೊತ್ತಿಲ್ಲ ಅಂತಾನೆ."

"ನಿಜ ಇರಬಹುದಾ?"

"ನಾನು ಹೇಳೋ ಹಾಗಿಲ್ಲ ಸಾರ್. ನಾನು ಅವನ ತಂಗಿ."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಲೆಕ್ಕ ಸರಿಯಾಗಿ ಬಿಡಿಸಿದ ಹುಡುಗಿಯನ್ನು ಮೇಷ್ಟ್ರು ನೋಡುವ ಹಾಗೆ ನೋಡಿದರು. ಅಷ್ಟಕ್ಕೇ ಅವಳ ಕಣ್ಣು ತುಂಬಿ ಬಂತು. ಬೆಳಗ್ಗೆಯಿಂದ ಯಾರೂ ಅವಳ ಕಷ್ಟ ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿರಲಿಲ್ಲ.

"ನಿಮ್ಮ ತನಿಖೇಲಿ ಒಂದು ವಿಷಯ ಬಿಟ್ಟು ಹೋಗಿದೆ ಅಮ್ಮ," ಎಂದರು. "ಅದನ್ನ ನಾನೇ ಹೇಳ್ಬೇಕು. ಬೇರೆ ಯಾರೂ ಹೇಳೋ ಹಾಗಿಲ್ಲ. ಆ ಕೋಣೇಲಿ ಗಂಟೆ ಕೇಳಿಸ್ತಿಲ್ಲ ಅಂತ ನನಗೆ ಗೊತ್ತಿತ್ತು. ಬಾಗಿಲು ಹಾಕಿಸೋಕೆ ಮುಂಚೇನೇ."

ಇನ್ಸ್‌ಪೆಕ್ಟರಮ್ಮನಿಗೆ ಕೇಳಿದ್ದು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಬಂತು.

"ಗೊತ್ತಿದ್ದೂ ಹಾಕಿಸಿದ್ರಾ?"

"ಹಾಕಿಸಿದೆ."

"ಇದನ್ನ ಈಗ ಹೇಳ್ತಿದೀರಾ? ನಾನು ವಿಚಾರಣೆ ಮಾಡಿದಾಗ ಯಾಕೆ ಹೇಳ್ಲಿಲ್ಲ?"

"ಸ್ವಿಚ್ ಒತ್ತಿದ್ರಾ ಅಂತ ಕೇಳಿದ್ರಿ, ಒತ್ತಿದೆ ಅಂದೆ. ಯಾವುದಾದ್ರೂ ಸ್ವಿಚ್ ಬಿಟ್ರಾ ಅಂತ ಕೇಳಿದ್ರಿ, ಇಲ್ಲ ಅಂದೆ. ನೀವು ಕೇಳಿದ್ದಕ್ಕೆಲ್ಲ ಸತ್ಯಾನೇ ಹೇಳಿದೆ. ಆದ್ರೆ ರಾತ್ರಿ ಮಲಗಿದಾಗ ಅದು ಸಾಕು ಅನ್ನಿಸ್ಲಿಲ್ಲ. ಅರ್ಧ ಸತ್ಯದ ಮೇಲೆ ಗೆದ್ದು ಆ ಪೀಠದಲ್ಲಿ ಕೂರೋಕೆ ನನಗೆ ಆಗಲ್ಲ."

"ಕಾಯಬಹುದಾಗಿತ್ತಲ್ಲ ಸಾರ್. ಮರಳು ಗಡಿಯಾರ ಇನ್ನೊಂದ್ಸಲ ತಿರುಗಿಸೋ ಅಧಿಕಾರ ನಿಮಗಿದೆ."

"ಇದೆ. ಈವರೆಗೆ ತಿರುಗಿಸಿಲ್ಲ." ಅವರು ಎದ್ದು ಕಿಟಕಿಯ ಹತ್ತಿರ ಹೋದರು. "ಹೋದ ಅಧಿವೇಶನದಲ್ಲಿ ಆಡಳಿತ ಪಕ್ಷದ ಮಂತ್ರಿಗಳು ಲಿಫ್ಟಿನಲ್ಲಿ ಸಿಕ್ಕಿಕೊಂಡ್ರು. ಸ್ವಲ್ಪ ಕಾಯಿ, ಸ್ವಲ್ಪ ಕಾಯಿ ಅಂತ ನನ್ನ ತಮ್ಮನೇ ಪೀಠದ ಮುಂದೆ ಬಂದು ಕೈ ಮುಗಿದ. ನಾನು ಕಾಯ್ಲಿಲ್ಲ. ಅವರ ಮಸೂದೆ ಬಿದ್ದು ಹೋಯ್ತು. ಅವತ್ತು ವಿರೋಧ ಪಕ್ಷದವರು ಮೇಜು ಕುಟ್ಟಿದ ಸದ್ದು ಬೀದಿಗೆ ಕೇಳಿಸ್ತಂತೆ. ಈಗ ಅವರ ಸಲುವಾಗಿ ಕಾದ್ರೆ, ಅವತ್ತಿನದು ಏನಾಗುತ್ತೆ? ಕಾದ್ರೂ ಒಂದು ಪಕ್ಷಕ್ಕೆ ಅನುಕೂಲ, ಕಾಯದಿದ್ರೂ ಒಂದು ಪಕ್ಷಕ್ಕೆ ಅನುಕೂಲ. ಹಿಂದೆ ಏನು ಮಾಡಿದ್ನೋ ಅದನ್ನೇ ಮಾಡಿದೆ. ಸರಿ ಮಾಡಿದೆ ಅಂತ ಹೇಳ್ತಿಲ್ಲ. ಮಾಡಿದೆ ಅಂತ ಹೇಳ್ತಿದೀನಿ."

ಅವಳ ಸಿಟ್ಟು ನಿಲ್ಲಲು ಜಾಗವಿಲ್ಲದೆ ಇಳಿದುಹೋಯಿತು. ಇಂಥವರನ್ನು ಹಿಡಿದು ವಿಚಾರಣೆ ಮಾಡುವುದು ಎಷ್ಟು ಕಷ್ಟ! ಕಳ್ಳರಾದರೆ ಬಚ್ಚಿಡುತ್ತಾರೆ, ನಾವು ಕೀಳುತ್ತೇವೆ. ಇವರು ತಾವಾಗಿ ತಂದು ಎದುರಿಗಿಟ್ಟು, ತೂಕ ಮಾಡಿ ನೋಡಿ ಎನ್ನುತ್ತಾರೆ.

"ಇದನ್ನ ನಾನು ಸದನದಲ್ಲಿ ಹೇಳಿದ್ರೆ ನಿಮ್ಮ ಕಥೆ ಮುಗೀತು ಸಾರ್."

"ಹೇಳಿ. ನಿಮ್ಮಣ್ಣನ ವಿಷಯ ಹೇಳೋ ಧೈರ್ಯ ನಿಮಗಿದ್ರೆ, ನನ್ನ ವಿಷಯ ಹೇಳಿಸ್ಕೊಳ್ಳೋ ಧೈರ್ಯ ನನಗೂ ಇರ್ಬೇಕಲ್ವಾ?"

ಅವಳು ಸುಧಾರಿಸಿಕೊಂಡಳು. ಒಳಗಿನ ಪೊಲೀಸು ಎದ್ದು ಕೂತಿತು. "ಸಾರ್, ಗಂಟೆ ಕೇಳಿಸ್ತಿಲ್ಲ ಅಂತ ನಿಮಗೆ ಹೇಳಿದ್ದು ಯಾರು?"

"ಅದನ್ನ ಮಾತ್ರ ಕೇಳಬೇಡಿ."

"ಕೇಳೋದೇ ನನ್ನ ಕೆಲಸ."

"ಹೇಳದೇ ಇರೋದು ನನ್ನ ಕೆಲಸ." ಅವರು ಮುಗುಳ್ನಕ್ಕರು. "ಪೀಠದ ಹತ್ತಿರ ಬಂದು ದಿನಾ ಎಷ್ಟು ಜನ ಕಿವೀಲಿ ಪಿಸುಗುಟ್ತಾರೆ ಗೊತ್ತಾ? ಮಗಳಿಗೆ ಹೆರಿಗೆ ನೋವು, ನನ್ನ ಸರದಿ ಮುಂಚೆ ಕೊಡಿ ಅಂತ ಒಬ್ಬರು. ನಮ್ಮ ನಾಯಕರ ಮೇಲೆ ಸಿಟ್ಟಿದೆ, ನಾನು ಎದ್ದು ನಿಂತರೂ ನೋಡದವರ ಹಾಗಿರಿ ಅಂತ ಇನ್ನೊಬ್ಬರು. ಅದೆಲ್ಲ ಅಲ್ಲೇ ಸಾಯಬೇಕು. ಕಿವಿಗೆ ಬಿದ್ದದ್ದನ್ನ ಹೆಸರು ಸಮೇತ ಹೊರಗೆ ಹೇಳಿದ್ರೆ ನಾಳೆಯಿಂದ ಯಾರೂ ಪೀಠವನ್ನ ನಂಬಲ್ಲ. ನನ್ನನ್ನ ಇಳಿಸಲಿ, ಬೇಜಾರಿಲ್ಲ. ಮುಂದೆ ಬರೋರಿಗೆ ಆ ನಂಬಿಕೆ ಇರಲಿ."

ಹೆಸರು ಈ ಬಾಯಿಂದ ಹೊರಡುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಬೇರೆ ದಾರಿ ಹಿಡಿದಳು.

"ಹೆಸರು ಬೇಡ ಸಾರ್. ಏನು ಹೇಳಿದ್ರು? ಮಾತು ಮಾತ್ರ ಹೇಳಿ."

"ವಿರೋಧ ಪಕ್ಷದ ವಿಶ್ರಾಂತಿ ಕೋಣೇಲಿ ಗಂಟೆ ಹೊಡೀತಿಲ್ಲ, ಎಲ್ಲ ಅಲ್ಲೇ ಉಳಿದಿದಾರೆ, ದಯವಿಟ್ಟು ಸ್ವಲ್ಪ ಕಾಯಿರಿ ಅಂತ."

"ಆಗ ಮರಳು ಎಷ್ಟು ಇಳಿದಿತ್ತು?"

"ಎಲ್ಲಿ ಇಳಿಯುತ್ತೆ? ಗಡಿಯಾರ ಇನ್ನೂ ತಿರುಗಿಸಿರಲಿಲ್ಲ."

"ಗಂಟೆ?"

"ಗಂಟೆನೂ ಇಲ್ಲ. ಕೊನೇ ಭಾಷಣ ಮುಗೀತು. ಮತಕ್ಕೆ ಹಾಕ್ತೀನಿ ಅಂತ ಹೇಳೋಕೆ ಬಾಯಿ ತೆರೆದಿದ್ದೆ. ಸ್ವಿಚ್ಚಿನ ಕಡೆ ಕೈ..."

ಸಭಾಧ್ಯಕ್ಷರ ಕೈ ಗಾಳಿಯಲ್ಲಿ ಹಾಗೇ ನಿಂತಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒತ್ತದ ಗಂಟೆ ಹೊಡೆಯುತ್ತಿಲ್ಲ ಎಂದು ಬಂದು ಹೇಳಬೇಕಾದರೆ, ಒತ್ತಿದರೂ ಹೊಡೆಯುವುದಿಲ್ಲ ಎಂದು ಆ ಮನುಷ್ಯನಿಗೆ ಮೊದಲೇ ಗೊತ್ತಿರಬೇಕು.

"ತುರುಕಿದ್ದನ್ನ ಸುಮ್ಮನೆ ನೋಡಿದ್ದರೆ ಅವರೇ ಕಿತ್ತು ಹಾಕ್ತಿದ್ರು," ಎಂದಳು ಅವಳು ನಿಧಾನವಾಗಿ. "ಇಲ್ಲಾಂದ್ರೆ ಮಲಗಿದವರನ್ನ ಎಬ್ಬಿಸ್ತಿದ್ರು. ಎರಡೂ ಬಿಟ್ಟು ನಿಮ್ಮ ಹತ್ರ ಬಂದ್ರು. ಅವರಿಗೆ ಸರ್ಕಾರ ಬೀಳೋದೂ ಬೇಕಾಗಿರಲಿಲ್ಲ, ಉಳಿಯೋದೂ ಬೇಕಾಗಿರಲಿಲ್ಲ. ನೀವು ಕಾದಿದ್ರೆ ಆಡಳಿತ ಪಕ್ಷದವರು ನಿಮ್ಮ ಮೇಲೆ ಬೀಳ್ತಿದ್ರು. ಕಾಯಲಿಲ್ಲ, ಇವರು ಬಿದ್ದಿದಾರೆ. ಬೋನು ಇಟ್ಟಿದ್ದೇ ನಿಮಗೆ."

ಅವರು ಕಿಟಕಿಯ ಬಳಿಯಿಂದ ಬಂದು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಒಂದು ಗಳಿಗೆಯಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾದವರಂತೆ ಕಂಡರು.

ಅವಳ ಎದೆಯಲ್ಲಿ ಬೇರೆಯದೇ ಒಂದು ಬೆಳಕು ಮೂಡಿತ್ತು. ಹಾಗಾದರೆ ಅಣ್ಣ ಹೇಳಿದ್ದು ನಿಜ. ಅವನು ತೆಗೆದಿದ್ದ. ಕುರ್ಚಿಯ ಬೆನ್ನಿನಿಂದ ಅದನ್ನು ಎತ್ತಿಕೊಂಡು ಮತ್ತೆ ತುರುಕಿದ ಕೈ ಬೇರೆ. ಆದರೆ ಈ ಸಂತೋಷವನ್ನೂ ಅವಳು ಪಕ್ಕಕ್ಕೆ ಸರಿಸಿದಳು. ಹೆಸರು ಸಿಗದಿದ್ದರೆ ಇದೆಲ್ಲ ಬರೀ ಒಂದು ಕಥೆ.

"ಸಾರ್, ಈಗಲಾದ್ರೂ ಹೆಸರು ಹೇಳಿ. ಅವರು ನಿಮಗೆ ಮೋಸ ಮಾಡಿದಾರೆ."

"ಮೋಸ ಮಾಡಿದವರಿಗೆ ಒಂದು ನಿಯಮ, ಬೇರೆಯವರಿಗೆ ಒಂದು ನಿಯಮ ಅಂತ ಮಾಡೋಕಾಗಲ್ಲ ಅಮ್ಮ."

ಅವಳಿಗೆ ಅವರನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಬಿಟ್ಟು ಯೋಚಿಸತೊಡಗಿದಳು.

ಪತ್ರಕರ್ತರ ಗ್ಯಾಲರಿಯಲ್ಲಿ ಕೂತಿದ್ದ ಎಲ್ಲರನ್ನೂ ಅವಳು ಮಾತಾಡಿಸಿದ್ದಳು. ಸದನದ ಮಾತುಗಳನ್ನು ಬರೆದುಕೊಳ್ಳುವವರನ್ನೂ ಕೇಳಿದ್ದಳು. ಕೊನೆಯ ಭಾಷಣಕ್ಕೂ ಗಂಟೆಗೂ ನಡುವೆ ಯಾರೂ ಪೀಠದ ಮುಂದೆ ಬಂದಿರಲಿಲ್ಲ ಎಂದು ಎಲ್ಲರೂ ಒಂದೇ ಮಾತು ಹೇಳಿದ್ದರು. ಮುಂದಿನಿಂದ ಬಾರದವರು ಹಿಂದಿನಿಂದ ಬಂದಿರಬೇಕು. ಪೀಠದ ಹಿಂದೆ ಎತ್ತರದ ಬೆನ್ನಿನ ಮರೆಯಲ್ಲಿ ಒಂದು ಚಿಕ್ಕ ಬಾಗಿಲಿದೆ. ಅಲ್ಲಿ ನಿಂತು ಬಗ್ಗಿದರೆ ಸದನಕ್ಕೆ ಕಾಣುವುದಿಲ್ಲ. ಆ ಬಾಗಿಲನ್ನು ಬಳಸುವುದು ಪೀಠದಲ್ಲಿ ಕೂರುವ ಹಕ್ಕು ಇರುವವರು ಮಾತ್ರ. ಒಬ್ಬರು ಈಗ ಅವಳ ಎದುರಿಗೆ ಕೂತಿದ್ದಾರೆ.

ಇನ್ನೊಬ್ಬರು?

ಅವಳು ಬಾಯಿ ತೆರೆಯುವ ಮುಂಚೆಯೇ ಯಾರೋ ಬಾಗಿಲನ್ನು ಮೃದುವಾಗಿ ತಟ್ಟಿ ತೆರೆದರು.

"ಒಳಗೆ ಬರಬಹುದಾ ಅಣ್ಣಾ?" ಉಪಸಭಾಧ್ಯಕ್ಷರು ಆಗಲೇ ನಿಲುವಂಗಿ ಹಾಕಿಕೊಂಡು ಬಂದಿದ್ದರು. ಸಭಾಧ್ಯಕ್ಷರಿಗೆ ಬಗ್ಗಿ ನಮಸ್ಕಾರ ಮಾಡಿದರು. "ನನಗೆ ಇವತ್ತು ಅಲ್ಲಿ ಕೂರೋಕೆ ಎಷ್ಟು ಸಂಕಟ ಅಂತ ನನಗೊಬ್ಬನಿಗೇ ಗೊತ್ತು. ಏನು ಮಾಡೋದು, ಕರ್ತವ್ಯ. ಅಮ್ಮಾ, ನೀವೂ ಇಲ್ಲೇ ಇದೀರಾ? ಕಲಾಪಕ್ಕೆ ಹೊತ್ತಾಯ್ತು, ನಿಮ್ಮನ್ನೇ ಹುಡುಕ್ತಿದ್ದೆ."

ಸಭಾಧ್ಯಕ್ಷರು ಅವರ ನಮಸ್ಕಾರಕ್ಕೆ ನಮಸ್ಕಾರ ಮಾಡಿದರು. ಯಾವತ್ತೂ ಮಾಡುವಷ್ಟೇ ಮಾಡಿದರು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಂಥ ಗಟ್ಟಿತನವನ್ನು ಇನ್ಸ್‌ಪೆಕ್ಟರಮ್ಮ ತನ್ನ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಮೇಜಿನ ಮೇಲಿದ್ದ ಕಪ್ಪು ಕಾಲುಚೀಲದ ಮೇಲೆ ಉಪಸಭಾಧ್ಯಕ್ಷರ ಕಣ್ಣು ಬಿತ್ತು, ಮತ್ತೆ ಸಲೀಸಾಗಿ ಸರಿದುಹೋಯಿತು. ಇದೇನು ಎಂದು ಅವರು ಕೇಳಲಿಲ್ಲ.

ಅವಳ ಹತ್ತಿರ ಬಂದು, ಮನೆಯ ಹಿರಿಯರಂತೆ ದನಿ ತಗ್ಗಿಸಿದರು.

"ಹೆದರ್ಕೋಬೇಡಿ ತಾಯಿ. ಕಟಕಟೇಲಿ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ರೆ ಸಾಕು. ಸ್ವಿಚ್ಚಿನ ವಿಷಯ ಕೇಳ್ತೀನಿ, ಬಾಗಿಲಿನ ವಿಷಯ ಕೇಳ್ತೀನಿ, ಮುಗೀತು. ನಿಮ್ಮಣ್ಣನ ವಿಷಯ ನಾನು ಕೇಳೋದೇ ಇಲ್ಲ."

ಕಾಲುಚೀಲ ಅಣ್ಣನದೆಂದು ಅವಳು ಈ ಕೊಠಡಿಯ ಹೊರಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.